ಮೋಡಗಳಿಗೆ ಸಿಕ್ಕದ ಕೆಳದನಿ

"ನಿಮ್ಮ ಪತ್ರಿಕೆಗೂ ನ್ಯೂಯಾರ್ಕಿನ ಸಂಗೀತ ಸಭಾಂಗಣಕ್ಕೂ ಏನ್ರೀ ಸಂಬಂಧ?" ಎಂದು ಗೆಳೆಯರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಸಿಂಫೊನಿ ಕೇಳಿ ಬೆಳೆದ ಕಿವಿಗಳಲ್ಲ ನಮ್ಮವು. ಆ ಸಭಾಂಗಣದ ಮೆತ್ತನೆ ಕುರ್ಚಿಯಲ್ಲಿ ನಾವು ಕೂತವರೂ ಅಲ್ಲ. ಆದರೆ ಒಂದು ಕಟ್ಟಡವನ್ನು ವಿಮರ್ಶೆ ಮಾಡುವ ಹಕ್ಕು ಟಿಕೆಟ್ಟು ಕೊಂಡು ಒಳಗೆ ಕೂತವರಿಗೆ ಮಾತ್ರ ಸೇರಿದ್ದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಹೊರಗೆ ನಿಂತವರಿಗೂ ಕಟ್ಟಡ ಕಾಣುತ್ತದೆ. ಅದರ ಬುನಾದಿ ಎಲ್ಲಿದೆ, ಬುನಾದಿ ತೋಡುವ ಮುಂಚೆ ಅಲ್ಲಿ ಯಾರಿದ್ದರು ಅನ್ನೋದು ಹೊರಗಿನಿಂದಲೇ ಚೆನ್ನಾಗಿ ಕಾಣುತ್ತದೆ.

ನಾವು ಇಲ್ಲಿ ಪರಿಶೀಲಿಸಬೇಕೆಂದಿರುವುದು ಒಂದು ಬಗೆಯ ಸಭಾಂಗಣವನ್ನು. ಅದರ ಗೋಡೆಯ ಹಲಗೆಗಳು ತಿರುಗುತ್ತವೆ, ಛಾವಣಿ ಏರುತ್ತದೆ ಇಳಿಯುತ್ತದೆ, ಬೇಕೆಂದಾಗ ಪರದೆ ಬೀಳುತ್ತದೆ. ಬರುವ ಸಂಗೀತಕ್ಕೆ ತಕ್ಕಂತೆ ಕೋಣೆಯೇ ತನ್ನ ದನಿಯನ್ನು ಬದಲಾಯಿಸಿಕೊಳ್ಳುತ್ತದೆ. "ಯಾರು ಬೇಕಾದರೂ ಬನ್ನಿ, ಏನು ಬೇಕಾದರೂ ನುಡಿಸಿ, ನಾವು ಹೊಂದಿಕೊಳ್ಳುತ್ತೇವೆ" ಎಂಬುದು ಇಂಥ ಕಟ್ಟಡಗಳ ಘೋಷಣೆ. ಘೋಷಣೆ ಚೆನ್ನಾಗಿದೆ. ಅದು ಎಷ್ಟರ ಮಟ್ಟಿಗೆ ನಿಜ, ಎಲ್ಲಿಗೆ ನಿಲ್ಲುತ್ತದೆ ಅನ್ನೋದು ನಮ್ಮ ಪ್ರಶ್ನೆ.

ಮೊದಲು ವಿದ್ಯೆಯ ಮಾತು. ಇದನ್ನು ತಿಳಿಯದೆ ಬೈಯುವುದು ಸುಲಭ, ಆದರೆ ಅದು ವಿಮರ್ಶೆ ಅಲ್ಲ.

ಹಾಳುಬಾವಿಗೆ ಬಗ್ಗಿ ಕೂಗಿದವರಿಗೆ, ಖಾಲಿ ಗೋಡೌನಿನಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದು ಗೊತ್ತು. ಕೂಗು ನಿಂತ ಮೇಲೂ ದನಿ ನಿಲ್ಲುವುದಿಲ್ಲ. ಗೋಡೆಯಿಂದ ಗೋಡೆಗೆ ಬಡಿದಾಡಿ, ಸವೆದು ಸವೆದು ಆಮೇಲೆ ಸಾಯುತ್ತದೆ. ಇದಕ್ಕೆ ಅನುರಣನ ಎಂದು ಹೆಸರು. ದನಿಯ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಎಷ್ಟು ಸೆಕೆಂಡು ಹಿಡಿಯುತ್ತದೋ ಅದು ಅನುರಣನ ಕಾಲ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಹೊಸ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟರು ಆಡಿದ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಂದೊಂದು ಮಾತೂ ಸುಮಾರು ಐದೂವರೆ ಸೆಕೆಂಡು ಅಲ್ಲೇ ಸುತ್ತುತ್ತಿತ್ತು. ಇದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಕ್ಲೆಮೆಂಟ್ ಸಬೈನ್ ಎಂಬ ತರುಣ ಅಧ್ಯಾಪಕನ ಪಾಲಿಗೆ ಬಂತು. ಆತ ಮತ್ತು ಸಹಾಯಕರು ವಿಶ್ವವಿದ್ಯಾಲಯದ ನಾಟಕಶಾಲೆಯ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತರುತ್ತಿದ್ದರು. ಮೆತ್ತೆ ಹಾಸಿ, ಆರ್ಗನ್ ವಾದ್ಯದ ಕೊಳವೆ ಊದಿಸಿ, ದನಿ ಸಾಯುವ ಹೊತ್ತನ್ನು ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸ್ಸು ಸೇರಿಸುತ್ತಿದ್ದರು. ಒಂದು ಹಂತದಲ್ಲಿ ತಾನು ತೊಟ್ಟ ಬಟ್ಟೆಯೂ ಅಳತೆಯನ್ನು ಬದಲಿಸುತ್ತಿದೆ ಎಂದು ಸಬೈನ್‌ಗೆ ಹೊಳೆಯಿತು. ಅಲ್ಲಿಯವರೆಗಿನ ಅಳತೆಗಳನ್ನು ಬದಿಗಿಟ್ಟು, ಅಲ್ಲಿಂದಾಚೆಗೆ ಪ್ರತಿ ರಾತ್ರಿ ಒಂದೇ ಬಗೆಯ ಬಟ್ಟೆ ತೊಟ್ಟು ಮತ್ತೆ ಅಳೆದ. ಈ ನಿಷ್ಠೆಗೆ ನಾವು ತಲೆಬಾಗುತ್ತೇವೆ. ತನ್ನ ಮೈಮೇಲಿನ ಬಟ್ಟೆ ತನ್ನ ತೀರ್ಮಾನವನ್ನು ಎಷ್ಟು ಬದಲಿಸಿದೆ ಎಂದು ಲೆಕ್ಕ ಹಾಕುವ ಪಂಡಿತರು ಬೇರೆ ವಿದ್ಯೆಗಳಲ್ಲಿ ಕಮ್ಮಿ.

1898ರ ಹೊತ್ತಿಗೆ ಸೂತ್ರ ಸಿಕ್ಕಿತು. ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ಹಿಡಿದು 0.161ರಿಂದ ಗುಣಿಸಿ, ಕೋಣೆಯೊಳಗೆ ದನಿಯನ್ನು ಹೀರುವ ಒಟ್ಟು ಮೈಯಿಂದ ಭಾಗಿಸಿದರೆ ಬರುವುದೇ ಅನುರಣನ ಕಾಲ. ಹೀರುವಿಕೆಗೆ ಸಬೈನ್ ಕೊಟ್ಟ ಅಳತೆಗೋಲು ತೆರೆದ ಕಿಟಕಿ. ಕಿಟಕಿಯಿಂದ ಆಚೆ ಹೋದ ದನಿ ವಾಪಸ್ಸು ಬರಲ್ಲ ನೋಡಿ, ಅದಕ್ಕೆ. ಮನುಷ್ಯನೂ ಈ ಲೆಕ್ಕಕ್ಕೆ ಸೇರಿದ. ಒಬ್ಬ ಮನುಷ್ಯ ಅಂದರೆ ಸುಮಾರು ಅರ್ಧ ಚದರ ಮೀಟರಿನಷ್ಟು ತೆರೆದ ಕಿಟಕಿ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಒಂದು ಲೆಕ್ಕ ಹಾಕೋಣ. 20,000 ಘನ ಮೀಟರಿನ ಸಭಾಂಗಣ. ಹೀರುವ ಮೈ 1,600 ಚದರ ಮೀಟರ್. ದನಿ ಸರಿಸುಮಾರು 2 ಸೆಕೆಂಡು ಉಳಿಯುತ್ತದೆ. ಪರದೆಗಳನ್ನು ಇಳಿಸಿ ಹೀರುವ ಮೈಯನ್ನು 2,400ಕ್ಕೆ ಏರಿಸಿದರೆ ಅದೇ ದನಿ 1.3 ಸೆಕೆಂಡಿಗೆ ಸಾಯುತ್ತದೆ. ಹೊಂದಿಸಬಹುದಾದ ಸಭಾಂಗಣದ ಗುಟ್ಟು ಇಷ್ಟೇ. ಒಂದೋ ಹೀರುವ ಮೈಯನ್ನು ಬದಲಿಸಬೇಕು, ಇಲ್ಲವೇ ಕೋಣೆಯ ಗಾತ್ರವನ್ನು ಬದಲಿಸಬೇಕು. 1998ರಲ್ಲಿ ತೆರೆದ ಸ್ವಿಜರ್ಲೆಂಡಿನ ಲುಸರ್ನ್ ಸಭಾಂಗಣದಲ್ಲಿ ಧ್ವನಿತಜ್ಞ ರಸೆಲ್ ಜಾನ್ಸನ್ ಎರಡನೆಯದನ್ನು ಮಾಡಿದ. ಸಭಾಂಗಣದ ಸುತ್ತ ಖಾಲಿ ಕೋಣೆಗಳನ್ನು ಕಟ್ಟಿ ಭಾರವಾದ ಬಾಗಿಲುಗಳನ್ನು ಇಟ್ಟ. ಬಾಗಿಲು ತೆರೆದರೆ ದನಿಗೆ ಓಡಾಡಲು ಜಾಗ ಹೆಚ್ಚು, ಮುಚ್ಚಿದರೆ ಕಮ್ಮಿ.

ಇದೆಲ್ಲ ಯಾಕೆ ಬೇಕು? ಸಿಂಫೊನಿ ವಾದ್ಯವೃಂದಕ್ಕೆ ಸುಮಾರು 2 ಸೆಕೆಂಡು ಅನುರಣನ ಇದ್ದರೆ ಪಿಟೀಲು, ತುತ್ತೂರಿ ಎಲ್ಲ ಒಂದಕ್ಕೊಂದು ಬೆರೆತು ತುಂಬಿಕೊಂಡು ಕೇಳುತ್ತವೆ. ಮಾತಿಗೆ 1 ಸೆಕೆಂಡು ಸಾಕು. ಡೋಲು ಡ್ರಮ್ಮಿಗೆ ಇನ್ನೂ ಬಿಗಿಯಾದ ಕೋಣೆ ಬೇಕು. ತಮಟೆಯವನು ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸಿ ಬಿಗಿ ಮಾಡಿಕೊಳ್ಳುವುದು ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳಲಿ ಅಂತ. ಅವನನ್ನು 2 ಸೆಕೆಂಡಿನ ಕೋಣೆಯಲ್ಲಿ ನಿಲ್ಲಿಸಿದರೆ ಒಂದು ಪೆಟ್ಟು ಸಾಯುವ ಮುಂಚೆ ಮುಂದಿನ ನಾಲ್ಕು ಪೆಟ್ಟು ಅದರ ಮೇಲೆ ಬೀಳುತ್ತವೆ. ಆಗ ಕೇಳುವವರು "ಇದೇನ್ರಿ, ಬರೀ ಗದ್ದಲ" ಅಂತಾರೆ. ಗದ್ದಲ ಮಾಡಿದ್ದು ಕೋಣೆ. ಹೆಸರು ಕೆಟ್ಟದ್ದು ವಾದ್ಯದ್ದು.

ಹಾಗಾಗಿ ಈ ವಿದ್ಯೆಯ ಬಗ್ಗೆ ನಮಗೆ ಮೂಲತಃ ಗೌರವವಿದೆ. ಸಂಗೀತ ಹೀಗೇ ಕೇಳಬೇಕು, ಕೋಣೆ ಹೀಗೇ ಇರಬೇಕು ಎಂಬುದು ದೈವನಿಯಮವಲ್ಲ, ಯಾರೋ ಕೂತು ಮಾಡಿದ ತೀರ್ಮಾನ ಎಂಬುದನ್ನು ಈ ವಿದ್ಯೆ ಸೂತ್ರ ಹಾಕಿ ತೋರಿಸಿಕೊಟ್ಟಿದೆ. ತಿರುಗುವ ಗೋಡೆ ಅದರ ಸಾಕ್ಷಿ. ತೀರ್ಮಾನ ಅಂದ ಮೇಲೆ ಅದನ್ನು ಮಾಡಿದವರು ಯಾರು ಎಂದು ಕೇಳಲೇಬೇಕಾಗುತ್ತದೆ.

ಈ ಪ್ರಶ್ನೆ ಹಿಡಿದು ನ್ಯೂಯಾರ್ಕಿಗೆ ಹೋಗೋಣ. ಬದಲಾಗುವ ದನಿಯ ಭರವಸೆ ಊರೆಲ್ಲ ನೋಡುವಂತೆ ಸೋತದ್ದು ಅಲ್ಲಿ.

ನ್ಯೂಯಾರ್ಕಿನ ಪಶ್ಚಿಮ ಭಾಗದಲ್ಲಿ, ಅರವತ್ತನೇ ಬೀದಿಯ ಆಸುಪಾಸಿನಲ್ಲಿ, ಸಾನ್ ವಾನ್ ಹಿಲ್ ಎಂಬ ಕೇರಿ ಇತ್ತು. ಹಾರ್ಲೆಮ್ ಬೆಳೆಯುವ ಮುಂಚೆ ಆ ನಗರದ ಕಪ್ಪು ಜನ ಹೆಚ್ಚಾಗಿ ನೆಲೆಸಿದ್ದ ಜಾಗಗಳಲ್ಲಿ ಅದೂ ಒಂದು. ಎರಡನೇ ಮಹಾಯುದ್ಧದ ಮೇಲೆ ಪೋರ್ಟೊರಿಕೊದಿಂದ ಬಂದ ಬಡವರೂ ಅಲ್ಲಿ ಸೇರಿಕೊಂಡರು. ಅರವತ್ತೆರಡನೇ ಬೀದಿಯ ಜಂಗಲ್ಸ್ ಕ್ಯಾಸಿನೊ ಎಂಬ ಕುಣಿತದ ಮನೆಯಲ್ಲಿ ಜೇಮ್ಸ್ ಪಿ. ಜಾನ್ಸನ್ ಪಿಯಾನೊ ನುಡಿಸುತ್ತಿದ್ದ. ದಕ್ಷಿಣದ ಕರಾವಳಿಯಿಂದ ಕೂಲಿಗೆ ಬಂದವರು ಅಲ್ಲಿ ಕುಣಿಯುತ್ತಿದ್ದರು. ಅವರ ಹೆಜ್ಜೆಗೆ ಆತ ಹೊಂದಿಸಿದ ಗತ್ತುಗಳಿಂದ ಬಂದದ್ದು "ಚಾರ್ಲ್‌ಸ್ಟನ್". 1923ರಲ್ಲಿ ಅದು ಬ್ರಾಡ್‌ವೇ ರಂಗಕ್ಕೆ ಹೋಗಿ, ಅಲ್ಲಿಂದ ಲೋಕವನ್ನೇ ಕುಣಿಸಿತು. ಜಾಜ್ ಸಂಗೀತದ ಥೆಲೋನಿಯಸ್ ಮಂಕ್ ಬೆಳೆದದ್ದು ಅದೇ ಕೇರಿಯ ಅರವತ್ತಮೂರನೇ ಬೀದಿಯಲ್ಲಿ. ಅಂದರೆ ಸಂಗೀತವೇ ಇಲ್ಲದ ಜಾಗಕ್ಕೆ ಯಾರೋ ಸಂಗೀತ ತಂದು ಕೊಟ್ಟರು ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

1949ರ ವಸತಿ ಕಾಯಿದೆಯ ಬಲದಿಂದ, ರಾಬರ್ಟ್ ಮೋಸಸ್ ಎಂಬ ಅಧಿಕಾರಿಯ ಮುಂದಾಳತ್ವದಲ್ಲಿ, ಆ ಪ್ರದೇಶವನ್ನು ಕೊಳೆಗೇರಿ ಎಂದು ಗುರುತು ಮಾಡಿದರು. ಕೊಳಚೆ ನಿರ್ಮೂಲನ ಎಂಬ ಮಾತು ನಮ್ಮ ಓದುಗರಿಗೆ ಹೊಸದೇನಲ್ಲ. ಕೊಳಚೆ ಹೋಗುತ್ತದೆ, ಜೊತೆಗೆ ಜನರೂ ಹೋಗುತ್ತಾರೆ. ಅಲ್ಲಿಂದ ಒಕ್ಕಲೆದ್ದ ಕುಟುಂಬಗಳು 7,000ಕ್ಕೂ ಹೆಚ್ಚು, ಅಂಗಡಿ ಮುಂಗಟ್ಟುಗಳು ಸುಮಾರು 800. 1959ರ ಮೇ 14ರಂದು ಅಧ್ಯಕ್ಷ ಐಸೆನ್‌ಹೋವರ್ ಬಂದು ಸಲಿಕೆ ಹಿಡಿದು ಮೊದಲ ಮಣ್ಣು ತೆಗೆದರು. ಆ ಮಣ್ಣಿನ ಮೇಲೆ ಲಿಂಕನ್ ಸೆಂಟರ್ ಎದ್ದಿತು. ಅದರ ಮೊದಲ ಕಟ್ಟಡ ಫಿಲ್ಹಾರ್ಮೋನಿಕ್ ಹಾಲ್.

ಈ ಹಾಲಿನ ದನಿ ಕಟ್ಟುವ ಕೆಲಸ ಲಿಯೊ ಬೆರಾನೆಕ್‌ಗೆ ಸೇರಿತು. ಬೆರಾನೆಕ್ ಸಾಮಾನ್ಯ ತಜ್ಞನಲ್ಲ. ದೇಶದೇಶಗಳ 54 ಸಭಾಂಗಣಗಳನ್ನು ಪರಿಶೀಲಿಸಿ 1962ರಲ್ಲಿ ಪುಸ್ತಕವನ್ನೇ ತಂದ. ಆತ ಸೂಚಿಸಿದ್ದು 2,400 ಆಸನಗಳ ಇಕ್ಕಟ್ಟಾದ ಪೆಟ್ಟಿಗೆಯಂಥ ಕೋಣೆ. ಆಸನ ಸಾಲದು ಎಂದು ಪತ್ರಿಕೆಯೊಂದು ಗದ್ದಲ ಎಬ್ಬಿಸಿತು. ಆಡಳಿತದವರು ಮಣಿದರು. ಆಸನಗಳು 2,600 ದಾಟಿದವು, ಗೋಡೆಗಳು ಅಗಲವಾದವು. ಆದರೂ ಭಯವಿಲ್ಲ ಎಂದುಕೊಂಡರು, ಯಾಕೆಂದರೆ ಛಾವಣಿಯಿಂದ 136 ಷಟ್ಕೋನದ ಹಲಗೆಗಳನ್ನು ತೂಗುಬಿಟ್ಟಿದ್ದರು. ಇವುಗಳಿಗೆ ಮೋಡಗಳು ಎಂದು ಹೆಸರು. ಎತ್ತರ ಬದಲಿಸಬಹುದು, ಓರೆ ಬದಲಿಸಬಹುದು. ಏನೇ ಐಬಿದ್ದರೂ ಮೋಡ ತಿದ್ದಿ ಸರಿಮಾಡೋಣ ಅನ್ನೋದು ಲೆಕ್ಕಾಚಾರ.

1962ರ ಸೆಪ್ಟೆಂಬರ್ 23ರಂದು ಲಿಯೊನಾರ್ಡ್ ಬರ್ನ್‌ಸ್ಟೈನ್ ನಿರ್ದೇಶನದಲ್ಲಿ, ದೇಶವೆಲ್ಲ ಟಿವಿಯಲ್ಲಿ ನೋಡುತ್ತಿರುವಾಗ, ಹಾಲ್ ತೆರೆಯಿತು. ಐಬು ಬೇಗ ಗೊತ್ತಾಯಿತು. ವಾದಕರಿಗೆ ಪಕ್ಕದವರು ನುಡಿಸಿದ್ದು ಕೇಳಿಸುತ್ತಿರಲಿಲ್ಲ. ಕೇಳುಗರಿಗೆ ದೊಡ್ಡ ತಂತಿವಾದ್ಯಗಳ ತಗ್ಗುಸ್ವರ ತಲುಪುತ್ತಿರಲಿಲ್ಲ. ಪಿಟೀಲಿನ ಮೇಲುಸ್ವರ ಚುರುಕಾಗಿ ಬರುತ್ತಿತ್ತು, ಕೆಳದನಿ ಎಲ್ಲೋ ಕಳೆದುಹೋಗುತ್ತಿತ್ತು.

ಯಾಕೆ? ಕೆಳದನಿಯ ಅಲೆ ಉದ್ದ. ಸೆಕೆಂಡಿಗೆ 100 ಕಂಪನದ ದನಿಯ ಒಂದು ಅಲೆ ಸುಮಾರು 3.4 ಮೀಟರ್. ಅದಕ್ಕಿಂತ ಚಿಕ್ಕ ಹಲಗೆ ಎದುರಿಗೆ ಬಂದರೆ ಆ ಅಲೆ ಅದನ್ನು ಬಳಸಿಕೊಂಡು ಹೊರಟುಹೋಗುತ್ತದೆ. ವಾಪಸ್ಸು ಬರುವುದು ಗಿಡ್ಡ ಅಲೆಯ ಮೇಲುದನಿ ಮಾತ್ರ. ಬಿಡಿಬಿಡಿಯಾಗಿ ತೂಗಿದ ಆ ಮೋಡಗಳಿಗೆ ಕೆಳದನಿ ಸಿಕ್ಕಲಿಲ್ಲ. ಆಮೇಲೆ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ಬಂದು ಅಳೆದು ಇದನ್ನೇ ಹೇಳಿದರು. ನಾವು ಶ್ಲೇಷೆ ಮಾಡುತ್ತಿದ್ದೇವೆ ಎಂದು ಓದುಗರು ತಿಳಿಯಬಾರದು. ಇದು ಭೌತಶಾಸ್ತ್ರ. ಆದರೆ ಕೆಳಗಿನ ಜನರನ್ನು ಎಬ್ಬಿಸಿದ ನೆಲದ ಮೇಲೆ ಕೆಳದನಿ ನಿಲ್ಲದ ಸಭಾಂಗಣ ಎದ್ದಿತು ಎಂದು ಬರೆಯುವಾಗ ಕೈ ಒಂದು ಗಳಿಗೆ ನಿಲ್ಲುತ್ತದೆ, ಅಷ್ಟೇ.

ಮುಂದಿನದು ದುಡ್ಡಿನ ಕಥೆ. ಮೋಡಗಳ ನಡುವಿನ ಸಂದು ಮುಚ್ಚಿದರು. ಗೋಡೆ ತಿದ್ದಿದರು. 1973ರಲ್ಲಿ ಏವರಿ ಫಿಶರ್ ಎಂಬ ರೇಡಿಯೊ ಉಪಕರಣದ ಉದ್ಯಮಿ 105 ಲಕ್ಷ ಡಾಲರ್ ಕೊಟ್ಟು ಹಾಲಿಗೆ ತನ್ನ ಹೆಸರು ಇಡಿಸಿಕೊಂಡ. 1976ರಲ್ಲಿ ಹೊರಗಿನ ಚಿಪ್ಪು ಉಳಿಸಿ ಒಳಗನ್ನು ಪೂರ್ತಿ ಕೆಡವಿ ಕಟ್ಟಿದರು. ಆಗಲೂ ತೃಪ್ತಿಯಾಗಲಿಲ್ಲ. 2015ರಲ್ಲಿ ಡೇವಿಡ್ ಗೆಫನ್ 10 ಕೋಟಿ ಡಾಲರ್ ಕೊಟ್ಟ ಮೇಲೆ ಹೆಸರು ಮತ್ತೆ ಬದಲಾಯಿತು. ಹಳೆಯ ಹೆಸರು ಬಿಟ್ಟುಕೊಡಲು ಫಿಶರ್ ಮನೆತನಕ್ಕೆ ಒಂದೂವರೆ ಕೋಟಿ ಡಾಲರ್ ಸಂದಿತ್ತು. 2022ರ ಅಕ್ಟೋಬರಿನಲ್ಲಿ 55 ಕೋಟಿ ಡಾಲರ್ ವೆಚ್ಚದ ಹೊಸ ಹಾಲ್ ತೆರೆಯಿತು. ಹೆಸರನ್ನು ಬಿಟ್ಟುಕೊಡುವುದಕ್ಕೂ ಬೆಲೆ ಇದೆ ಎಂದಾಯಿತು. ಮನೆಯನ್ನು ಬಿಟ್ಟುಕೊಟ್ಟ 7,000 ಕುಟುಂಬಗಳಿಗೆ ಯಾವ ಬೆಲೆ ಕಟ್ಟಿದರು ಎಂದು ನಾವು ಕೇಳಿದರೆ ಅದು ಸಂಗೀತಕ್ಕೆ ಸಂಬಂಧಿಸದ ಪ್ರಶ್ನೆಯಂತೆ.

ಈಗ ಹೊಸ ಹಾಲಿಗೆ ನ್ಯಾಯವಾಗಿ ಸಲ್ಲಬೇಕಾದ್ದನ್ನು ಸಲ್ಲಿಸೋಣ. ದನಿ ಮೊದಲಿಗಿಂತ ಎಷ್ಟೋ ಉತ್ತಮವಾಗಿದೆ ಎಂದು ಕೇಳಿಬಲ್ಲವರು ಬರೆದಿದ್ದಾರೆ. ವೇದಿಕೆಯನ್ನು ಮುಂದಕ್ಕೆ ತಂದು, ಅದರ ಸುತ್ತಲೂ ಜನ ಕೂರುವಂತೆ ಮಾಡಿದ್ದಾರೆ. ವೇದಿಕೆಯ ಮೇಲಿನ ಹಲಗೆಗಳನ್ನು ಏರಿಸಿ ಇಳಿಸಬಹುದು, ಮೈಕು ಇಟ್ಟು ನಡೆಸುವ ಸಂಗೀತಕ್ಕೆ ಪರದೆ ಎಳೆಯಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅಕ್ಟೋಬರ್ 8ರಂದು ಹಾಲ್ ತೆರೆದದ್ದು ಟ್ರಿನಿಡಾಡ್ ಮೂಲದ ತುತ್ತೂರಿ ವಾದಕ ಎಟಿಯೆನ್ ಚಾರ್ಲ್ಸ್ ರಚಿಸಿದ ಕೃತಿಯಿಂದ. ಅದರ ಹೆಸರಿನಲ್ಲೇ ಸಾನ್ ವಾನ್ ಹಿಲ್ ಇದೆ. ಅರವತ್ತು ವರ್ಷ ಬಾಯಿ ಬಿಡದಿದ್ದ ಹೆಸರನ್ನು ಸಂಸ್ಥೆ ತನ್ನ ವೇದಿಕೆಯ ಮೇಲೆ ತಾನೇ ಹೇಳಿತು. ಇದನ್ನು ಬರೀ ನಾಟಕ ಎಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಹೆಸರು ಹೇಳುವುದು ಸಣ್ಣ ಕೆಲಸವಲ್ಲ.

ಆದರೂ ಮೂರು ಮಾತು ಉಳಿಯುತ್ತವೆ.

ಮೊದಲನೆಯದು ಆಸನದ್ದು. ಹೊಸ ಹಾಲಿನಲ್ಲಿ ಆಸನಗಳು 2,738ರಿಂದ 2,200ಕ್ಕೆ ಇಳಿದವು. ಸಬೈನ್‌ನ ಲೆಕ್ಕ ನೆನಪಿದೆಯಲ್ಲ? ಮನುಷ್ಯ ಅಂದರೆ ಅರ್ಧ ಚದರ ಮೀಟರ್ ತೆರೆದ ಕಿಟಕಿ. ಜನ ಕಮ್ಮಿಯಾದಷ್ಟೂ ಹೀರುವ ಮೈ ಕಮ್ಮಿ, ದನಿ ತುಂಬಿಕೊಳ್ಳುತ್ತದೆ. 1962ರಲ್ಲಿ ಜನ ಹೆಚ್ಚಾದದ್ದರಿಂದ ದನಿ ಕೆಟ್ಟಿತು ಎಂದರು, 2022ರಲ್ಲಿ ಜನರನ್ನು ಕಮ್ಮಿ ಮಾಡಿ ದನಿ ಸರಿಮಾಡಿದರು. ಸೂತ್ರ ಸುಳ್ಳಲ್ಲ. ಆದರೆ ಆಸನ ಕಮ್ಮಿಯಾದಾಗ ಹೊರಗುಳಿಯುವವರು ಯಾರು ಅನ್ನೋದನ್ನು ಸೂತ್ರ ಹೇಳಲ್ಲ, ಟಿಕೆಟ್ಟಿನ ದರ ಹೇಳುತ್ತೆ. ಅವರಿಗಾಗಿ ಮೊಗಸಾಲೆಯಲ್ಲಿ 50 ಅಡಿಯ ದೊಡ್ಡ ಪರದೆ ಹಾಕಿ ಒಳಗಿನ ಕಛೇರಿಯನ್ನು ಪುಕ್ಕಟೆಯಾಗಿ ತೋರಿಸುವ ಏರ್ಪಾಟು ಮಾಡಿದರು. ಒಳ್ಳೆಯದೇ. ಆದರೆ 55 ಕೋಟಿ ಡಾಲರ್ ಸುರಿದು ಹದ ಮಾಡಿದ ದನಿ ಒಳಬಾಗಿಲಿಗೇ ನಿಲ್ಲುತ್ತದೆ. ಮೊಗಸಾಲೆಗೆ ಬರುವುದು ಲೌಡ್‌ಸ್ಪೀಕರಿನ ದನಿ.

ಎರಡನೆಯದು ಪರದೆಯದು. ಸಿಂಫೊನಿ ಇದ್ದಾಗ ಕೋಣೆ ತನ್ನ ಸಹಜ ಸ್ಥಿತಿಯಲ್ಲಿರುತ್ತದೆ. ಡ್ರಮ್ಮು, ಮೈಕು ಬಂದಾಗ ಬಟ್ಟೆ ಇಳಿಸಿ ಸರಿಮಾಡಿಕೊಳ್ಳುತ್ತಾರೆ. ಅಂದರೆ ಮನೆ ಒಬ್ಬರದು, ಉಳಿದವರು ನೆಂಟರು. ನೆಂಟರು ಬಂದಾಗ ಜಮಖಾನ ಹಾಸ್ತಾರೆ. ಇದು ನ್ಯೂಯಾರ್ಕಿನದು ಮಾತ್ರ ಅಲ್ಲ, ಇಂಥ ಸಭಾಂಗಣಗಳ ಸಾಮಾನ್ಯ ಮಾದರಿ. ಎಲ್ಲದರ ದನಿ ಬದಲಾಗುತ್ತದೆ, ಮೂಲಸ್ಥಿತಿ ಯಾವುದು ಎಂಬುದು ಮಾತ್ರ ಬದಲಾಗುವುದಿಲ್ಲ.

ಮೂರನೆಯದು ಮತ್ತೆ ಕೆಳದನಿಯದು. ತೆಳ್ಳನೆಯ ಬಟ್ಟೆ ಮೇಲುದನಿಯನ್ನು ಚೆನ್ನಾಗಿ ಹೀರುತ್ತದೆ, ಕೆಳದನಿಯನ್ನು ಅಷ್ಟಾಗಿ ಹೀರುವುದಿಲ್ಲ. ಡ್ರಮ್ಮಿನ ಚಟಪಟ ಹದಕ್ಕೆ ಬರುತ್ತದೆ, ಗುಡುಗು ಹಾಗೇ ಕೋಣೆಯಲ್ಲಿ ಉರುಳಾಡುತ್ತದೆ. ಮೈಕಿನ ಸಂಗೀತ ಕೆಡುವುದೇ ಈ ಗುಡುಗಿನಿಂದ. ಇದನ್ನು ಹಿಡಿಯಲು ಬರೀ ಬಟ್ಟೆ ಸಾಲದು. ಬಟ್ಟೆ ದಪ್ಪ ಇರಬೇಕು, ಗೋಡೆಗೂ ಬಟ್ಟೆಗೂ ನಡುವೆ ಆಳವಾದ ಜಾಗ ಬಿಡಬೇಕು, ಹಿಂದೆ ಟೊಳ್ಳಿರುವ ಹಲಗೆಗಳನ್ನು ಗೋಡೆಯೊಳಗೇ ಕಟ್ಟಬೇಕು. ಇದಕ್ಕೆ ಜಾಗ ಬೇಕು, ದುಡ್ಡು ಬೇಕು, ನಕ್ಷೆ ಬರೆಯುವ ಮೊದಲ ದಿನವೇ ಡ್ರಮ್ಮಿನವರ ನೆನಪಾಗಬೇಕು. ಕಟ್ಟಡ ಮುಗಿದ ಮೇಲೆ ಪರದೆ ತೂಗುಹಾಕಿ "ಎಲ್ಲ ಸಂಗೀತಕ್ಕೂ ಸ್ವಾಗತ" ಅನ್ನುವುದು ಅರ್ಧ ಸ್ವಾಗತ.

ಬೇರೆ ದಾರಿ ಇಲ್ಲವೇ? ಇದೆ. 1978ರಲ್ಲೇ ಪ್ಯಾರಿಸ್ಸಿನಲ್ಲಿ, ಸಂಗೀತಕಾರ ಪಿಯೆರ್ ಬುಲೆಜ್ ಕಟ್ಟಿದ ಇರ್ಕಾಮ್ ಸಂಸ್ಥೆ ನೆಲದಡಿಯಲ್ಲಿ ಒಂದು ಪ್ರಯೋಗ ಕೋಣೆಯನ್ನು ತೆರೆಯಿತು. ಧ್ವನಿತಜ್ಞ ವಿಕ್ಟರ್ ಪಾಯಿಟ್ಸ್. ಅಲ್ಲಿ ಗೋಡೆ ಛಾವಣಿಗಳ ತುಂಬ ಮೂರು ಮುಖದ ಪಟ್ಟಕಗಳು. ಒಂದು ಮುಖ ದನಿಯನ್ನು ಹೀರುತ್ತದೆ, ಒಂದು ನೇರವಾಗಿ ಹಿಂತಿರುಗಿಸುತ್ತದೆ, ಒಂದು ಚದುರಿಸುತ್ತದೆ. ಛಾವಣಿಯೂ ಏರಿಳಿಯುತ್ತದೆ. ಅನುರಣನವನ್ನು ಸುಮಾರು 0.4 ಸೆಕೆಂಡಿನಿಂದ 4 ಸೆಕೆಂಡಿನವರೆಗೆ ಬದಲಿಸಬಹುದು. ಈ ಕೋಣೆಯ ಸಹಜ ಸ್ಥಿತಿ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಮೂರು ಮುಖಗಳಲ್ಲಿ ಯಾವುದೂ ಮನೆಯೊಡೆಯನಲ್ಲ. ನಮಗೆ ಮೆಚ್ಚಿಗೆಯಾದದ್ದು ಇದು. ಆದರೆ ಅದು ಸಂಶೋಧಕರ ಸಣ್ಣ ಕೋಣೆ, ಸಾವಿರಾರು ಜನ ಕೂರುವ ಜಾಗವಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಸಂಸ್ಥೆಗೆ ಹೊಂದಿಕೊಂಡಿರುವ ಪೊಂಪಿದು ಕೇಂದ್ರ ಎದ್ದ ಜಾಗವೂ ಹಿಂದೆ ಬಡವರ ವಠಾರಗಳಿದ್ದ ಜಾಗ. ಅನಾರೋಗ್ಯಕರ ಬಡಾವಣೆಗಳ ಪಟ್ಟಿಯಲ್ಲಿ ಅದಕ್ಕೆ ಒಂದನೇ ನಂಬರು ಕೊಟ್ಟು 1930ರ ದಶಕದಲ್ಲಿ ಕೆಡವಿದ್ದರು. ಆಮೇಲೆ ಅಲ್ಲಿ ಬಹುಕಾಲ ಕಾರುಗಳು ನಿಲ್ಲುತ್ತಿದ್ದವು. ಊರು ಬೇರೆ, ಕಾಲ ಬೇರೆ, ಕಥೆ ಒಂದೇ.

ಇದರಿಂದ ನಾವು "ಸಭಾಂಗಣವೇ ಬೇಡ" ಎಂಬ ತೀರ್ಮಾನಕ್ಕೆ ಬರುತ್ತಿಲ್ಲ. ಹಾಗೆ ಹೇಳುವುದು ಒಳ್ಳೆಯ ದನಿಯನ್ನು ಕೇಳುವ ಹಕ್ಕನ್ನು ಉಳ್ಳವರಿಗೇ ಬಿಟ್ಟುಕೊಟ್ಟಂತೆ. ನಮ್ಮ ಜನ ಬಯಲಲ್ಲೇ ಬಾರಿಸಿಕೊಂಡಿರಲಿ, ಬಯಲೇ ಅವರಿಗೆ ಚೆಂದ ಎಂದು ಹೊಗಳುವ ರಸಿಕರನ್ನು ನಾವು ಬಹಳ ಕಂಡಿದ್ದೇವೆ. ಪೆಟ್ಟು ಪೆಟ್ಟೂ ಬಿಡಿಯಾಗಿ ಕೇಳುವ ಕೋಣೆ ಡೋಲಿನವನಿಗೂ ಬೇಕು.

ನಾವು ಕೇಳುವುದು ಇಷ್ಟು. ಸಭಾಂಗಣದ ದನಿಯನ್ನು ನಿರ್ಧರಿಸುವ ಮೇಜಿನ ಸುತ್ತ ಪಿಟೀಲಿನವರ ಜೊತೆಗೆ ಚರ್ಮವಾದ್ಯದವರೂ ಕೂರಲಿ. ಕೆಳದನಿಯನ್ನು ಹಿಡಿಯುವ ಕೆಲಸ ಬುನಾದಿಯಿಂದಲೇ ಶುರುವಾಗಲಿ. ಯಾವ ಸಂಗೀತವೂ ಕೋಣೆಯ ಒಡೆಯನಾಗದಿರಲಿ. ದನಿ ಹೊಂದಿಸುವ ದಿನಗಳಲ್ಲಿ ಪರೀಕ್ಷೆಗೆ ಖಾಲಿ ಕುರ್ಚಿಗಳ ಬದಲು ಸುತ್ತಲ ಕೇರಿಯವರನ್ನು ಕರೆದು ಕೂರಿಸಲಿ. ಹೇಗೂ ಅವರೂ ತಲಾ ಅರ್ಧ ಚದರ ಮೀಟರ್ ಹೀರುತ್ತಾರೆ. ಕೇಳಿಸಿದ್ದು ಹೇಗಿತ್ತು ಅನ್ನೋದನ್ನು ಅವರ ಬಾಯಿಂದಲೂ ಕೇಳಲಿ. ಇನ್ನು, ಯಾವ ನೆಲದ ಮೇಲೆ ಕಟ್ಟುತ್ತಾರೋ ಆ ನೆಲದ ಹೆಸರು ಹೇಳಲು ಅರವತ್ತು ವರ್ಷ ಕಾಯದಿರಲಿ.

ಗೆಳೆಯರಿಗೆ ನಮ್ಮ ಉತ್ತರ ಇದು. ಸಾನ್ ವಾನ್ ಹಿಲ್‌ನ ಮನೆಗಳು ಬಿದ್ದಾಗ ಅಲ್ಲಿ ಎಷ್ಟು ಪಿಯಾನೊ, ಎಷ್ಟು ಡ್ರಮ್ಮು ಬೀದಿಗೆ ಬಂದವೋ, ಅದನ್ನು ಯಾವ ಧ್ವನಿತಜ್ಞನೂ ಅಳೆದಿಲ್ಲ. ಅಂಥ ಕೇರಿಯಿಂದ ಬಂದವರು ನಾವು, ನಮಗೆ ಸಂಬಂಧ ಇದೆ.